ಬೆಳ್ಳಿತೆರೆಯ ಕಾಲಗಣನೆ

ದಾಂಪತ್ಯವೊಂದು ಅನುರಾಗದಲ್ಲಿ ತೊಡಗಿ ಮೌನದಲ್ಲಿ ಪರ್ಯವಸಾನಗೊಳ್ಳುವುದಕ್ಕೆ ಲೋಕದಲ್ಲಿ ಹಲವು ವರ್ಷಗಳು ಹಿಡಿಯುತ್ತವೆ. 1941ರಲ್ಲಿ ತೆರೆಕಂಡ ಆರ್ಸನ್ ವೆಲ್ಸನ ‘ಸಿಟಿಜನ್ ಕೇನ್’ ಚಿತ್ರದಲ್ಲಿ ಅದು ಮೂರು ನಿಮಿಷಗಳೊಳಗಾಗಿ ನಡೆದುಹೋಗುತ್ತದೆ. ಒಂದೇ ರಾತ್ರಿಯಲ್ಲಿ ಹಲವು ಔತಣಕೂಟಗಳನ್ನು ಮುಗಿಸಿ ಬಂದ ಪತ್ರಿಕೋದ್ಯಮಿ ಕೇನನೂ ಅವನ ನವವಧು ಎಮಿಲಿಯೂ ಬೆಳಗಿನ ಉಪಾಹಾರಕ್ಕೆ ಕುಳಿತಿದ್ದಾರೆ. ಮಾತು ಮೃದು, ನೋಟ ಆರ್ದ್ರ. ಅಷ್ಟರಲ್ಲಿ ತೆರೆಯ ಮೇಲಿನ ಸಮಸ್ತವೂ ಮಸುಕು ಗೆರೆಗಳಾಗಿ ಸರ್ರನೆ ಪಕ್ಕಕ್ಕೆ ಹರಿಯುತ್ತದೆ. ಮರುಕ್ಷಣ ಅದೇ ದಂಪತಿ, ಅದೇ ಉಪಾಹಾರ, ಆದರೆ ಉಡುಪು ಬೇರೆ, ದನಿಯಲ್ಲಿ ಸಣ್ಣದೊಂದು ಅಸಮಾಧಾನ. ಮತ್ತೊಮ್ಮೆ ಆ ಹೊರಳುವಿಕೆ. ಈ ಸಲ ಆಕ್ಷೇಪಣೆ. ಮತ್ತೊಮ್ಮೆ, ಈಗ ಬಿರುಸು. ಕಟ್ಟಕಡೆಯ ಬೆಳಗಿನಲ್ಲಿ ಇಬ್ಬರೂ ಮಾತನಾಡುವುದಿಲ್ಲ. ಅವನ ಕೈಯಲ್ಲಿ ಅವನ ಪತ್ರಿಕೆ ಇದೆ, ಆಕೆಯ ಕೈಯಲ್ಲಿ ಅವನ ಪ್ರತಿಸ್ಪರ್ಧಿಯ ಪತ್ರಿಕೆ. ಕ್ಯಾಮೆರಾ ಹಿಂದೆ ಸರಿದಂತೆ ಅವರಿಬ್ಬರ ನಡುವಣ ಮೇಜು ಎಷ್ಟು ಉದ್ದವೆಂಬುದು ನಮಗೆ ಕಾಣುತ್ತದೆ.

ಈ ಚಿತ್ರದ ಸಂಕಲನಕಾರ ರಾಬರ್ಟ್ ವೈಸ್. ಮುಂದೆ ‘ದ ಸೌಂಡ್ ಆಫ್ ಮ್ಯೂಸಿಕ್’ ನಿರ್ದೇಶಿಸಿದವನೂ ಆತನೇ. ನಾವು ಕಂಡದ್ದು ಬೆರಳೆಣಿಕೆಯ ಬೆಳಗುಗಳನ್ನು ಮಾತ್ರ. ಅವುಗಳ ನಡುವೆ ಉರುಳಿಹೋದ ಸಾವಿರಾರು ಹಗಲುಗಳನ್ನೂ ಇರುಳುಗಳನ್ನೂ ಯಾರೂ ನಮಗೆ ತೋರಿಸಲಿಲ್ಲ. ಹಾಗಿದ್ದರೂ ಒಂದು ದಾಂಪತ್ಯದ ಇಡೀ ಆಯುಷ್ಯವನ್ನು ಕಣ್ಣಾರೆ ಕಂಡೆವೆಂಬ ಪ್ರತ್ಯಯ ನಮ್ಮಲ್ಲಿ ದೃಢವಾಗಿ ಉಳಿಯುತ್ತದೆ. ತೋರಿಸದೆ ಬಿಟ್ಟ ಆ ವರ್ಷಗಳನ್ನು ಪ್ರೇಕ್ಷಕನಾದವನು ತನ್ನ ಅನುಭವದ ಉಗ್ರಾಣದಿಂದ ತಾನೇ ತುಂಬಿಕೊಂಡನಷ್ಟೆ. ಸಂಕಲನಕಲೆಯ ಪರಮ ರಹಸ್ಯವಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ಯಂತ್ರದ ಕಾಲ ಮಾತ್ರ ಬಹು ನಿಷ್ಠುರವಾದದ್ದು. ಮೂವತ್ತೈದು ಮಿಲಿಮೀಟರಿನ ಫಿಲ್ಮಿನಲ್ಲಿ ಅಡಿಯೊಂದಕ್ಕೆ 16 ಚೌಕಟ್ಟುಗಳು; ವಾಕ್ಚಿತ್ರದ ಪ್ರೊಜೆಕ್ಟರಿನಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಂತೆ ಅದು ಓಡುವುದರಿಂದ ನಿಮಿಷಕ್ಕೆ 90 ಅಡಿ, ಸಾವಿರ ಅಡಿಯ ರೀಲಿಗೆ ಸುಮಾರು ಹನ್ನೊಂದು ನಿಮಿಷ. ಈ ಲೆಕ್ಕಕ್ಕೆ ರಾಗವೂ ಇಲ್ಲ, ದ್ವೇಷವೂ ಇಲ್ಲ. ಕಾದಂಬರಿಯನ್ನು ಓದುವವನು ಬೇಸರ ಬಂದಲ್ಲಿ ಪುಟ ಮಗುಚಬಲ್ಲ, ಇಷ್ಟವಾದಲ್ಲಿ ನಿಂತು ಮತ್ತೊಮ್ಮೆ ಓದಬಲ್ಲ, ಪುಸ್ತಕವನ್ನು ಮಡಿಸಿಟ್ಟು ಎದ್ದುಹೋಗಿ ನಾಳೆ ಬರಬಲ್ಲ. ಚಿತ್ರಮಂದಿರದ ಕತ್ತಲಲ್ಲಿ ಕುಳಿತವನಿಗೆ ಈ ಸ್ವಾತಂತ್ರ್ಯಗಳಲ್ಲಿ ಒಂದೂ ಇಲ್ಲ. ಟಿಕೆಟು ಪಡೆದು ಒಳಗೆ ಬಂದವನು ತನ್ನ ಆಯುಷ್ಯದ ಎರಡೋ ಎರಡೂವರೆಯೋ ಗಂಟೆಗಳನ್ನು ಅಪರಿಚಿತನಾದ ಒಬ್ಬ ಸಂಕಲನಕಾರನ ಕೈಗೆ ಒಪ್ಪಿಸಿ ಕೂರುತ್ತಾನೆ. ಒಪ್ಪಿಸಿದ ವಸ್ತುವನ್ನು ಹೇಗೆ ವಿನಿಯೋಗಿಸಬೇಕೆಂಬ ಧರ್ಮಪ್ರಶ್ನೆ ಆದುದರಿಂದಲೇ ಈ ಕಸುಬಿನೊಳಗೆ ಮೊದಲಿನಿಂದಲೂ ಅಡಕವಾಗಿದೆ.

ಕಥೆಯ ಕಾಲವನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ವಿಚಾರವು ಸಿನಿಮಾದೊಡನೆ ಹುಟ್ಟಿದ್ದೇನೂ ಅಲ್ಲ. ಭರತನ ನಾಟ್ಯಶಾಸ್ತ್ರವು ಒಂದು ಅಂಕದಲ್ಲಿ ಒಂದು ದಿನದ ವ್ಯವಹಾರವನ್ನು ಮಾತ್ರ ತೋರಿಸತಕ್ಕದ್ದೆಂದು ವಿಧಿಸಿ, ತಿಂಗಳು ವರ್ಷಗಳ ಅವಧಿಯಲ್ಲಿ ನಡೆದದ್ದನ್ನು ಅಂಕಗಳ ನಡುವಣ ವಿರಾಮಕ್ಕೆ ತಳ್ಳಿ, ಅದನ್ನು ಪ್ರವೇಶಕವೇ ಮೊದಲಾದ ಕಿರುದೃಶ್ಯಗಳ ಮೂಲಕ ಸೂಚಿಸಬೇಕೆಂದು ಹೇಳುತ್ತದೆ. ಕಾಳಿದಾಸನು ಶಾಕುಂತಲದ ಕೊನೆಯಲ್ಲಿ ಸಿಂಹದ ಮರಿಯೊಡನೆ ಆಡುವ ಬಾಲಕನನ್ನು ತಂದು ನಿಲ್ಲಿಸಿದಾಗ, ಆ ಮಗು ಬೆಳೆದ ವರ್ಷಗಳೆಲ್ಲ ರಂಗದ ಆಚೆಗೇ ಕಳೆದುಹೋಗಿರುತ್ತವೆ. ಅವೆಲ್ಲಿ ಹೋದುವೆಂದು ಕೇಳುವ ಸಹೃದಯನಿಲ್ಲ. ನಮ್ಮ ಯಕ್ಷಗಾನದ ಭಾಗವತರಾದರೋ ಒಂದು ಪದ್ಯದಲ್ಲಿ ಸೇನೆಯನ್ನು ದೇಶದಿಂದ ದೇಶಕ್ಕೆ ಸಾಗಿಸಿ, ಮುಂದಿನ ಪದ್ಯದಲ್ಲಿ ವೀರನೊಬ್ಬನ ಒಂದೇ ಕ್ಷಣದ ರೋಷವನ್ನು ಚೆಂಡೆಯ ಪೆಟ್ಟುಗಳ ಮೇಲೆ ಎಷ್ಟೋ ಹೊತ್ತು ನಿಲ್ಲಿಸಬಲ್ಲರು. ಕಾಲವನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ನಮ್ಮ ಪ್ರೇಕ್ಷಕನಿಗೆ ಹೊಸದಲ್ಲ. ಹೊಸದಾಗಿದ್ದದ್ದು ಒಂದೇ: ಕ್ಯಾಮೆರಾ ಹಿಡಿದದ್ದು ನಿಜವಾಗಿಯೂ ನಡೆದುಹೋದ ಕಾಲ, ಅದರ ಪ್ರತಿಯೊಂದು ತುಣುಕೂ ಲೋಕದಲ್ಲಿ ಎಂದೋ ಒಮ್ಮೆ ಜರುಗಿದ ಕ್ಷಣ. ಅಂಥ ನಿಜವಾದ ಕ್ಷಣಗಳನ್ನು ಕತ್ತರಿಸಿ ಬೇರೆ ಕ್ರಮದಲ್ಲಿ ಜೋಡಿಸಬಹುದೆಂಬ ಧೈರ್ಯ ಬರುವುದಕ್ಕೆ ಸ್ವಲ್ಪ ಸಮಯ ಬೇಕಾಯಿತು.

1895ರ ಡಿಸೆಂಬರಿನಲ್ಲಿ ಪ್ಯಾರಿಸಿನ ಗ್ರ್ಯಾಂಡ್ ಕೆಫೆಯಲ್ಲಿ ಲ್ಯೂಮಿಯೆರ್ ಸಹೋದರರು ತೋರಿಸಿದ ಚಿತ್ರಗಳು ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ ಉದ್ದದವು, ಒಂದೊಂದೂ ಒಂದೇ ಷಾಟ್. ಅಲ್ಲಿ ತೆರೆಯ ಕಾಲವೂ ಗಡಿಯಾರದ ಕಾಲವೂ ಒಂದೇ ಆಗಿದ್ದುವು. 1903ರಲ್ಲಿ ಅಮೆರಿಕದ ಎಡ್ವಿನ್ ಪೋರ್ಟರ್ ಅಗ್ನಿಶಾಮಕದವನೊಬ್ಬನ ಕುರಿತು ಚಿತ್ರ ತೆಗೆದಾಗ, ಉರಿಯುವ ಮನೆಯಿಂದ ತಾಯಿಯನ್ನೂ ಮಗುವನ್ನೂ ಪಾರುಮಾಡುವ ಪ್ರಸಂಗವನ್ನು ಮೊದಲು ಕೋಣೆಯ ಒಳಗಿನಿಂದ ಪೂರ್ತಿಯಾಗಿ ತೋರಿಸಿ, ಬಳಿಕ ಅದೇ ಪ್ರಸಂಗವನ್ನು ಹೊರಗಿನ ಬೀದಿಯಿಂದ ಮತ್ತೊಮ್ಮೆ ಪೂರ್ತಿಯಾಗಿ ತೋರಿಸಿದ. ಪಾರಾದವರು ಇನ್ನೊಮ್ಮೆ ಪಾರಾದರು! ಮುಂದೆ ಯಾರೋ ಆ ಎರಡು ಷಾಟುಗಳನ್ನು ತುಂಡರಿಸಿ, ಒಳಗೊಮ್ಮೆ ಹೊರಗೊಮ್ಮೆ ಎಂದು ಹೆಣೆದಿಟ್ಟ ಪ್ರತಿಯೊಂದು ಬಹುಕಾಲ ಮೂಲವೆಂದೇ ಭಾವಿಸಲ್ಪಟ್ಟು, ಸಂಕಲನದ ಇತಿಹಾಸಕಾರರನ್ನು ದಾರಿತಪ್ಪಿಸಿತು. ಎರಡು ಕಡೆ ನಡೆಯುವುದು ಏಕಕಾಲದಲ್ಲಿ ನಡೆಯುತ್ತಿದೆ ಎಂಬ ಅರಿವು ನಮಗೆ ಇಂದು ಎಷ್ಟು ಸಹಜವೆನಿಸಿದರೂ ಅದನ್ನು ಯಾರೋ ಕಲಿಸಬೇಕಾಗಿತ್ತು, ನಾವು ಕಲಿಯಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಕಲಿಸಿದವರಲ್ಲಿ ಅಗ್ರಗಣ್ಯನಾದವನು ಡಿ. ಡಬ್ಲ್ಯು. ಗ್ರಿಫಿತ್. ಅತ್ತ ಅಪಾಯದಲ್ಲಿ ಸಿಲುಕಿದವರು, ಇತ್ತ ಧಾವಿಸಿ ಬರುವ ರಕ್ಷಕರು. ಈ ಹೆಣಿಗೆಯನ್ನು ನಮ್ಮ ಜನಪ್ರಿಯ ಚಿತ್ರಗಳ ಅಂತ್ಯದ ಹೊಡೆದಾಟಗಳು ಇಂದಿಗೂ ಬಿಟ್ಟಿಲ್ಲ.

ಕುಗ್ಗಿಸುವುದು ಒಂದು ವಿದ್ಯೆಯಾದರೆ ಹಿಗ್ಗಿಸುವುದು ಇನ್ನೂ ಕಠಿನವಾದ ವಿದ್ಯೆ. ಸೆರ್ಗೇಯ್ ಐಸೆನ್‌ಸ್ಟೈನನ ‘ಅಕ್ಟೋಬರ್’ ಚಿತ್ರದಲ್ಲಿ ಪೆಟ್ರೋಗ್ರಾಡ್ ನಗರದ ಸೇತುವೆಯೊಂದನ್ನು ಮೇಲಕ್ಕೆತ್ತುವ ಪ್ರಸಂಗವಿದೆ. ಕಾರ್ಮಿಕರು ನಗರದ ಮಧ್ಯಭಾಗಕ್ಕೆ ಬರದಂತೆ ತಡೆಯಲು ಸೇತುವೆಯ ಎರಡು ತೋಳುಗಳನ್ನು ಎತ್ತಲಾಗುತ್ತಿದೆ. ಗುಂಡೇಟಿನಿಂದ ಸತ್ತ ತರುಣಿಯೊಬ್ಬಳ ಕೂದಲು ಆ ಎರಡು ತೋಳುಗಳ ನಡುವಣ ಬಿರುಕಿನ ಮೇಲೆ ಹರಡಿಕೊಂಡಿದೆ. ಗಾಡಿಗೆ ಕಟ್ಟಿದ ಬಿಳಿಯ ಕುದುರೆಯೊಂದು ಸತ್ತು ಸೇತುವೆಯ ಅಂಚಿನಲ್ಲಿ ಬಿದ್ದಿದೆ. ಬಿರುಕು ಅಗಲವಾಗುತ್ತ ಬಂದಂತೆ ಕೂದಲು ಎಳೆಎಳೆಯಾಗಿ ಸರಿಯುತ್ತದೆ. ಕುದುರೆ ಗಾಳಿಯಲ್ಲಿ ಜೋತುಬೀಳುತ್ತದೆ. ಐಸೆನ್‌ಸ್ಟೈನನು ಆ ಏರಿಕೆಯನ್ನು ಕೆಳಗಿನಿಂದ, ಪಕ್ಕದಿಂದ, ದೂರದಿಂದ, ಸಮೀಪದಿಂದ ಮತ್ತೆ ಮತ್ತೆ ತೋರಿಸುವನು. ಒಂದು ಷಾಟಿನಲ್ಲಿ ಇಷ್ಟು ಎತ್ತರಕ್ಕೆ ಏರಿದ ತೋಳು ಮುಂದಿನ ಷಾಟಿನಲ್ಲಿ ಅದಕ್ಕಿಂತ ತಗ್ಗಿನಿಂದ ಏರತೊಡಗುವುದು. ಲೆಕ್ಕಕ್ಕೆ ಇದು ತಪ್ಪು. ಆದರೆ ಭಯಾನಕವಾದದ್ದನ್ನು ಎದುರಿಗೆ ಕಂಡವನಿಗೆ ಕಾಲವು ಹೀಗೆಯೇ ಮುಂದೆ ಹೋಗಲೊಲ್ಲದೆ ಹಿಂದಕ್ಕೆ ಜಗ್ಗುವುದೆಂಬುದನ್ನು ಬಲ್ಲವರಿಗೆ ಅದು ಅಕ್ಷರಶಃ ಸತ್ಯ. 1925ರ ‘ಬ್ಯಾಟಲ್‌ಷಿಪ್ ಪೊಟೆಮ್‌ಕಿನ್’ ಚಿತ್ರದ ಒಡೆಸ್ಸಾ ಮೆಟ್ಟಿಲುಗಳ ಪ್ರಸಂಗ ಲೋಕಪ್ರಸಿದ್ಧವಾದದ್ದು; ನನ್ನ ಮಟ್ಟಿಗೆ ಹೇಳುವುದಾದರೆ ಈ ಸೇತುವೆ ಅದಕ್ಕಿಂತ ಒಂದು ತೂಕ ಮೇಲು.

ಅದೇ ಸೋವಿಯತ್ ದೇಶದಲ್ಲಿ 1929ರಲ್ಲಿ ಜೀಗಾ ವೆರ್ಟಾವ್ ನಿರ್ಮಿಸಿದ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ ಚಿತ್ರವು ಸಂಕಲನಕಾರ್ತಿಯನ್ನೇ ತೆರೆಯ ಮೇಲೆ ತಂದು ಕೂರಿಸಿತು. ಬೀದಿಯಲ್ಲಿ ಕುದುರೆಗಾಡಿಯೊಂದು ವೇಗವಾಗಿ ಓಡುತ್ತಿದೆ. ಹಠಾತ್ತನೆ ಕುದುರೆ ನಿಂತುಹೋಗುತ್ತದೆ, ಕಾಲು ಎತ್ತಿದ್ದು ಎತ್ತಿದಂತೆಯೇ. ಬಳಿಕ ಹಲವು ಮುಖಗಳು, ಎಲ್ಲವೂ ನಿಶ್ಚಲ. ಅನಂತರ ಅದೇ ಮುಖಗಳು ಫಿಲ್ಮಿನ ಪಟ್ಟಿಯ ಮೇಲೆ, ಅಂಚಿನ ರಂಧ್ರಗಳ ಸಮೇತ, ಒಂದರ ಕೆಳಗೊಂದು ಸಾಲಾಗಿ ಕಾಣುತ್ತವೆ. ವೆರ್ಟಾವನ ಪತ್ನಿಯೂ ಆ ಚಿತ್ರದ ಸಂಕಲನಕಾರ್ತಿಯೂ ಆದ ಎಲಿಜವೆಟಾ ಸ್ವಿಲೋವಾ ಮೇಜಿನ ಮುಂದೆ ಕುಳಿತು ಆ ಪಟ್ಟಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾಳೆ, ಕತ್ತರಿಸುತ್ತಾಳೆ, ಅಂಟಿಸುತ್ತಾಳೆ. ಇದ್ದಕ್ಕಿದ್ದಂತೆ ಒಂದು ಮಗುವಿನ ಮುಖಕ್ಕೆ ಚಲನೆ ಬಂದು ಅದು ನಗುತ್ತದೆ. ಸಿನಿಮಾ ತನ್ನ ಕಾಲವನ್ನು ಎಲ್ಲಿಂದ ಪಡೆಯುತ್ತದೆಂಬುದನ್ನು ಇಷ್ಟು ಪ್ರಾಂಜಲವಾಗಿ ಹೇಳಿದ ಗ್ರಂಥವೊಂದನ್ನು ನಾನು ಓದಿಲ್ಲ. ಮೇಜಿನ ಮೇಲಿರುವ ಪಟ್ಟಿಯಲ್ಲಿ ಕಾಲವಿಲ್ಲ, ಇಂಚುಗಳಿವೆ. ಎಷ್ಟು ಇಂಚು ಇರಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂದು ಆಕೆ ತೀರ್ಮಾನಿಸಿದ ಬಳಿಕವೇ ಅದು ಕಾಲವಾಗುತ್ತದೆ.

ಪ್ರೇಕ್ಷಕನ ಕಾಲಪ್ರಜ್ಞೆಯು ಬಹುಮಟ್ಟಿಗೆ ಅವನ ನಿರೀಕ್ಷೆಯಿಂದ ನಿರ್ಮಿತವಾಗುತ್ತದೆ. ಏನು ಬರಲಿದೆಯೆಂದು ಗೊತ್ತಿದ್ದವನಿಗೆ ಕಾಯುವ ಐದು ನಿಮಿಷ ಒಂದು ಯುಗ. ಏನೂ ಗೊತ್ತಿಲ್ಲದವನಿಗೆ ಅದು ಬರಿಯ ಐದು ನಿಮಿಷ. 1952ರಲ್ಲಿ ಫ್ರೆಡ್ ಜಿನ್ನೆಮನ್ ನಿರ್ದೇಶಿಸಿದ ‘ಹೈ ನೂನ್’ ಈ ತತ್ತ್ವದ ಮೇಲೆಯೇ ನಿಂತ ಚಿತ್ರ. ಮಧ್ಯಾಹ್ನ ಹನ್ನೆರಡರ ರೈಲಿನಲ್ಲಿ ಹಗೆಯೊಬ್ಬನು ಬರಲಿದ್ದಾನೆ. ಅದೇ ತಾನೆ ಮದುವೆಯಾದ ಮಾರ್ಷಲ್ ವಿಲ್ ಕೇನನು ಊರಿನ ಪ್ರತಿಯೊಬ್ಬನ ಬಳಿಗೂ ಹೋಗಿ ಸಹಾಯ ಬೇಡಿ ಬರಿಗೈಯಲ್ಲಿ ಹಿಂತಿರುಗುತ್ತಾನೆ. ಚಿತ್ರದ ಉದ್ದ 85 ನಿಮಿಷ. ಕಥೆ ನಡೆಯುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಗೋಡೆಯ ಗಡಿಯಾರಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಹನ್ನೆರಡಕ್ಕೆ ಕೆಲವೇ ನಿಮಿಷಗಳಿರುವಾಗ ಸಂಕಲನಕಾರ ಎಲ್ಮೊ ವಿಲಿಯಮ್ಸ್, ಡಿಮಿಟ್ರಿ ಟಿಯೋಮ್ಕಿನನ ವಾದ್ಯದ ಲಯಕ್ಕೆ ಸರಿಯಾಗಿ, ಲೋಲಕವನ್ನೂ ನಿರ್ಜನವಾದ ಹಳಿಗಳನ್ನೂ ಚರ್ಚಿನಲ್ಲಿಯೂ ಮದ್ಯದಂಗಡಿಯಲ್ಲಿಯೂ ಕುಳಿತ ಊರವರ ಮುಖಗಳನ್ನೂ, ಶಿಕ್ಷೆಯ ದಿನ ಹಗೆಯು ಕುಳಿತಿದ್ದ ಆ ಖಾಲಿ ಕುರ್ಚಿಯನ್ನೂ ಒಂದಾದಮೇಲೊಂದರಂತೆ ನಮ್ಮ ಮುಂದಿಡುತ್ತಾನೆ. ಕೊನೆಗೆ ರೈಲಿನ ಸಿಳ್ಳು ಕೇಳಿಸುತ್ತದೆ. ಇಲ್ಲಿ ಯಾರೂ ಓಡುವುದಿಲ್ಲ, ಗುಂಡು ಹಾರುವುದಿಲ್ಲ; ಆದರೂ ಇಡೀ ಚಿತ್ರದಲ್ಲಿ ಉಸಿರು ಬಿಗಿಹಿಡಿಯುವಂತೆ ಮಾಡುವ ಘಟ್ಟ ಇದೇ. ವಿಲಿಯಮ್ಸನಿಗೂ ಅವನ ಸಹಸಂಕಲನಕಾರ ಹ್ಯಾರಿ ಗರ್ಸ್‌ಟಡನಿಗೂ ಆ ವರ್ಷದ ಸಂಕಲನದ ಆಸ್ಕರ್ ದೊರೆತದ್ದು ಉಚಿತವಾಗಿಯೇ ಇತ್ತು.

ಸಂಕಲನವೆಂದರೆ ವೇಗವೆಂಬ ಒಂದು ಭ್ರಮೆ ನಮ್ಮಲ್ಲಿ ಬೇರೂರಿದೆ. ನಮ್ಮ ಪತ್ರಿಕೆಗಳ ಚಿತ್ರವಿಮರ್ಶೆಗಳಲ್ಲಿ ಸಂಕಲನಕಾರನಿಗೆ ಮೀಸಲಾದ ವಾಕ್ಯವೊಂದಿದೆ: ಕತ್ತರಿ ಇನ್ನಷ್ಟು ಹರಿತವಾಗಿರಬೇಕಿತ್ತು. ಚಿತ್ರ ಉದ್ದವಾಯಿತು, ಕತ್ತರಿಸಿದ್ದರೆ ಚೆನ್ನಾಗಿತ್ತು ಎಂಬುದಷ್ಟೇ ಅದರ ತಾತ್ಪರ್ಯ. ಕತ್ತರಿಸದಿರುವುದೂ ಸಂಕಲನವೇ, ಒಂದು ಷಾಟನ್ನು ಅದರ ಸ್ವಾಭಾವಿಕ ಅಂತ್ಯದ ಆಚೆಗೂ ಉಳಿಸಿಕೊಳ್ಳುವುದಕ್ಕೆ ಬೇಕಾದ ಸ್ಥೈರ್ಯ ಸಾಮಾನ್ಯವಾದುದಲ್ಲ ಎಂಬುದನ್ನು ಆ ವಾಕ್ಯ ಗಮನಿಸುವುದೇ ಇಲ್ಲ. ಬೆಲ್ಜಿಯಮ್ಮಿನ ಶಾಂತಾಲ್ ಅಕರ್ಮನ್ 1975ರಲ್ಲಿ ತೆಗೆದ ‘ಜಾನ್ ಡೀಲ್‌ಮನ್’ ಚಿತ್ರವು ಮೂರು ಗಂಟೆ ಇಪ್ಪತ್ತು ನಿಮಿಷಗಳಷ್ಟು ದೀರ್ಘವಾದದ್ದು. ಅದರ ಸಂಕಲನ ಪೆಟ್ರೀಷಿಯಾ ಕನೀನೋ ಅವರದು. ಬ್ರಸೆಲ್ಸಿನ ವಿಧವೆಯೊಬ್ಬಳ ಮೂರು ದಿನಗಳು ಅದರ ವಸ್ತು. ಅಡುಗೆಮನೆಯಲ್ಲಿ ಆಕೆ ಆಲೂಗಡ್ಡೆ ಹೆರೆಯುತ್ತಾಳೆ. ಕ್ಯಾಮೆರಾ ಅಲುಗುವುದಿಲ್ಲ, ಷಾಟ್ ಮುಗಿಯುವುದಿಲ್ಲ. ಮೊದಲ ದಿನ ಎಲ್ಲವೂ ಅಚ್ಚುಕಟ್ಟು. ಎರಡನೆಯ ದಿನ ಆಲೂಗಡ್ಡೆ ಅತಿಯಾಗಿ ಬೆಂದುಹೋಗುತ್ತದೆ. ಇಷ್ಟೇ ಸಂಗತಿ, ಆದರೆ ಮೊದಲ ದಿನದ ಕ್ರಮವನ್ನು ಅದರದೇ ಅವಧಿಯಲ್ಲಿ ಅನುಭವಿಸಿ ಬಂದ ಪ್ರೇಕ್ಷಕನಿಗೆ ಇದು ಭೂಕಂಪದಷ್ಟು ದೊಡ್ಡದಾಗಿ ತೋರುತ್ತದೆ. ಮನೆಗೆಲಸವೆಂಬುದು ಹೆಂಗಸಿನ ಆಯುಷ್ಯವನ್ನು ಯಾವ ಬಗೆಯಲ್ಲಿ ತಿನ್ನುತ್ತದೆಂಬುದನ್ನು ಮಾತಿನಲ್ಲಿ ಹೇಳಿದವರು ಬಹುಮಂದಿ. ಅದನ್ನು ಅವಳ ಗಡಿಯಾರದಲ್ಲಿಯೇ ನಮ್ಮ ಮೈಗೆ ಮುಟ್ಟಿಸಿದವರು ವಿರಳ. ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯು 2022ರಲ್ಲಿ ವಿಮರ್ಶಕರ ಮತ ಸಂಗ್ರಹಿಸಿದಾಗ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳಲ್ಲಿ ಪ್ರಥಮ ಸ್ಥಾನ ಇದಕ್ಕೆ ಸಂದಿತು.

ಕನ್ನಡಕ್ಕೆ ಬಂದರೆ, ಕಾಲವನ್ನು ಗೌರವಿಸಿದ ಚಿತ್ರಗಳ ಪರಂಪರೆ ನಮ್ಮಲ್ಲಿ ಸಣ್ಣದೇನೂ ಅಲ್ಲ. 1970ರ ‘ಸಂಸ್ಕಾರ’ದಲ್ಲಿ ನಾರಣಪ್ಪನ ಶವ ದಹನವಾಗದೆ ಬಿದ್ದಿರುವಷ್ಟು ಹೊತ್ತೂ ಅಗ್ರಹಾರದವರು ಉಣ್ಣುವಂತಿಲ್ಲ, ಕಥೆಯ ಗಡಿಯಾರವೇ ಆ ಶವ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಇನ್ನೂ ಸೂಕ್ಷ್ಮವಾದದ್ದು. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ, ಉಮೇಶ ಕುಲಕರ್ಣಿಯವರು ಸಂಕಲಿಸಿದ ಈ ಚಿತ್ರ ವೇದಪಾಠಶಾಲೆಗೆ ಬಂದ ನಾಣಿಯೆಂಬ ಬಾಲಕನ ಕಣ್ಣಿನಿಂದ ವಿಧವೆ ಯಮುನಕ್ಕನ ದುರಂತವನ್ನು ನೋಡುತ್ತದೆ. ದೊಡ್ಡವರ ಲೋಕದಲ್ಲಿ ಏನೋ ನಡೆಯುತ್ತಿದೆಯೆಂದು ಬಲ್ಲ, ಆದರೆ ಏನೆಂದು ತಿಳಿಯಲಾರದ ಮಗುವಿನ ಕಾಲ ದೊಡ್ಡವರ ಕಾಲಕ್ಕಿಂತ ನಿಧಾನವಾಗಿ ಚಲಿಸುತ್ತದೆ. ಚಿತ್ರ ಆ ನಿಧಾನಗತಿಯನ್ನು ಕೈಬಿಡುವುದಿಲ್ಲ. ಕೊನೆಯಲ್ಲಿ ತಂದೆಯೊಡನೆ ಊರು ಬಿಟ್ಟು ಹೊರಟ ನಾಣಿಗೆ ತಲೆ ಬೋಳಿಸಿಕೊಂಡು ಮರದಡಿಯಲ್ಲಿ ಒಬ್ಬಳೇ ಕುಳಿತ ಯಮುನಕ್ಕ ಕಾಣುವಾಗ, ನಾವು ಆಕೆಯನ್ನು ಬಿಟ್ಟುಹೋಗುವ ಅಪರಾಧದಲ್ಲಿ ಭಾಗಿಗಳಾಗಿಯೇ ಹೊರಡಬೇಕಾಗುತ್ತದೆ. ಈಚೆಗೆ ಜೀರ್ಣೋದ್ಧಾರಗೊಂಡ ಅದರ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತೆಂಬುದು ನಾವೆಲ್ಲ ಸಂತೋಷಪಡತಕ್ಕ ವಿಷಯ.

ರಾಮ್ ರೆಡ್ಡಿಯವರ ‘ತಿಥಿ’ಯಾದರೋ ಒಂದೇ ಕಥೆಯೊಳಗೆ ಹಲವು ಕಾಲಗತಿಗಳನ್ನು ಓಡಿಸಿದ ಅಪೂರ್ವ ಪ್ರಯೋಗ. ಮಂಡ್ಯದ ಹಳ್ಳಿಯೊಂದರಲ್ಲಿ ನೂರೊಂದು ವರ್ಷ ಬಾಳಿದ ಸೆಂಚುರಿ ಗೌಡ ತೀರಿಕೊಂಡಾಗಿನಿಂದ ಅವನ ಹನ್ನೊಂದನೆಯ ದಿನದ ತಿಥಿಯವರೆಗೆ ಅದರ ಅವಧಿ. ಮಗ ಗಡ್ಡಪ್ಪನಿಗೆ ಕಾಲವೇ ಇಲ್ಲ. ಬೀದಿ ಹೊಲಗಳಲ್ಲಿ ಬ್ರಾಂದಿ ಕುಡಿಯುತ್ತ ನಡೆಯುವ ಅವನಿಗೆ ನಿನ್ನೆ ನಾಳೆಗಳು ಒಂದೇ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ದಿನಗಳು ಅವನ ಬೆನ್ನಟ್ಟಿ ಬರುತ್ತವೆ. ಮರಿಮಗ ಅಭಿಗೆ ಕುರುಬರ ಹುಡುಗಿಯ ಹಿಂದೆ ಅಲೆಯುವುದರಲ್ಲಿ ಇಡೀ ಲೋಕವೇ ಮರೆತಿದೆ. ಗಡ್ಡಪ್ಪನ ನಡಿಗೆಯಿಂದ ತಮ್ಮಣ್ಣನ ಓಡಾಟಕ್ಕೆ, ಅಲ್ಲಿಂದ ಅಭಿಯ ಅಲೆದಾಟಕ್ಕೆ ಚಿತ್ರ ಸರಿದಾಗಲೆಲ್ಲ ಸ್ಥಳ ಬದಲಾದದ್ದಕ್ಕಿಂತ ಮಿಗಿಲಾಗಿ ಕಾಲ ಬದಲಾದದ್ದು ನಮ್ಮ ಅನುಭವಕ್ಕೆ ಬರುತ್ತದೆ. ಹನ್ನೊಂದು ದಿನಗಳು ಎಲ್ಲರಿಗೂ ಹನ್ನೊಂದೇ. ಆದರೆ ಯಾರ ಹನ್ನೊಂದೂ ಇನ್ನೊಬ್ಬರ ಹನ್ನೊಂದಲ್ಲ. ಇದನ್ನು ಒಂದೇ ಒಂದು ಉಪದೇಶದ ಮಾತಿಲ್ಲದೆ ಸಾಧಿಸಿದ ಚಿತ್ರವೆಂಬ ಕಾರಣಕ್ಕಾಗಿಯೇ ಅದು ನನಗೆ ಅತ್ಯಂತ ಪ್ರಿಯ.

ಇಷ್ಟು ಹೇಳಿದ ಮೇಲೆ ವರ್ತಮಾನದ ಒಂದು ವಿಷಯವನ್ನು ಪ್ರಸ್ತಾಪಿಸದಿರಲಾರೆ. ಸರಾಸರಿ ಷಾಟಿನ ಉದ್ದ ದಶಕದಿಂದ ದಶಕಕ್ಕೆ ಇಳಿಯುತ್ತ ಬಂದಿದೆ. 1930ರಿಂದ 1960ರವರೆಗಿನ ಹಾಲಿವುಡ್ ಚಿತ್ರಗಳಲ್ಲಿ ಅದು ಸಾಮಾನ್ಯವಾಗಿ ಎಂಟರಿಂದ ಹನ್ನೊಂದು ಸೆಕೆಂಡುಗಳಷ್ಟಿತ್ತೆಂದು ಡೇವಿಡ್ ಬೋರ್ಡ್‌ವೆಲ್ ಎಂಬ ವಿದ್ವಾಂಸರು ಲೆಕ್ಕಹಾಕಿ ತೋರಿಸಿದ್ದಾರೆ. ಇಂದಿನ ಆ್ಯಕ್ಷನ್ ಚಿತ್ರಗಳಲ್ಲಿ ಅದು ಅದರ ಅರ್ಧಕ್ಕಿಂತಲೂ ಕೆಳಗಿದೆ. ಇದರಲ್ಲಿ ದೋಷವಿದೆಯೆಂದು ನಾನು ಹೇಳುವುದಿಲ್ಲ. ಪ್ರತಿಯೊಂದು ಯುಗಕ್ಕೂ ತನ್ನದೇ ಲಯವುಂಟು, ವೇಗದಲ್ಲಿಯೂ ಔಚಿತ್ಯವಿರಬಹುದು. ಮಣಿರತ್ನಂ ಅವರ ‘ಬಾಂಬೆ’ ಚಿತ್ರಕ್ಕಾಗಿ ಶ್ರೇಷ್ಠ ಸಂಕಲನದ ರಾಷ್ಟ್ರಪ್ರಶಸ್ತಿ ಪಡೆದ ನಮ್ಮ ಸುರೇಶ್ ಅರಸ್ ಅವರ ಕೆಲಸವನ್ನು ನೋಡಿದವರಿಗೆ, ರಭಸವೂ ಕರುಣೆಯೂ ಒಂದೇ ಕತ್ತರಿಯಿಂದ ಬರಬಲ್ಲುವೆಂಬುದು ತಿಳಿದೇ ಇದೆ. ದುಃಖದ ಸಂಗತಿ ಬೇರೆ. ಮೊಬೈಲಿನಲ್ಲಿಯೂ ಟಿವಿಯಲ್ಲಿಯೂ ಚಿತ್ರ ನೋಡುವ ಈ ದಿನಗಳಲ್ಲಿ ಪರದೆಯ ಮೂಲೆಯ ಒಂದು ಗುಂಡಿಯನ್ನು ಒತ್ತಿ ಇಡೀ ಚಿತ್ರವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುವ ಅಭ್ಯಾಸ ಹಬ್ಬುತ್ತಿದೆ. ಹತ್ತು ಸೆಕೆಂಡು ಮಾತಿಲ್ಲದಿದ್ದರೆ ಬೆರಳು ತಾನಾಗಿ ಚಿತ್ರವನ್ನು ಮುಂದಕ್ಕೆ ತಳ್ಳುತ್ತದೆ. ಕಥೆ ತಿಳಿಯಿತಲ್ಲ, ಸಾಕು ಎನ್ನುತ್ತಾರೆ. ಕಥೆ ತಿಳಿಯಿತು, ನಿಜ. ಎಮಿಲಿಯ ಮೌನ ತಿಳಿಯಲಿಲ್ಲ, ಗಡ್ಡಪ್ಪನ ನಡಿಗೆ ತಿಳಿಯಲಿಲ್ಲ, ಯಮುನಕ್ಕನನ್ನು ಬಿಟ್ಟುಬರುವಾಗ ನಾಣಿಗೆ ಆದದ್ದೇನೆಂದು ತಿಳಿಯಲಿಲ್ಲ. ಏಕೆಂದರೆ ಅವು ಇದ್ದದ್ದು ಕಥೆಯಲ್ಲಲ್ಲ, ಅವುಗಳ ಅವಧಿಯಲ್ಲಿ. ಹಾಡನ್ನು ಯಾರೂ ಬೇಗ ಮುಗಿಯಲೆಂದು ಒಂದೂವರೆ ಪಟ್ಟು ವೇಗದಲ್ಲಿ ಕೇಳುವುದಿಲ್ಲ. ಸಿನಿಮಾಕ್ಕೆ ಆ ಮರ್ಯಾದೆ ಏಕೆ ಸಲ್ಲಬಾರದು?

ಆದುದರಿಂದ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಚಿತ್ರ ಹಿಡಿಸದಿದ್ದರೆ ಅರ್ಧಕ್ಕೇ ನಿಲ್ಲಿಸಿ. ಅದು ನಿಮ್ಮ ಹಕ್ಕು, ಯಾವ ಸಂಕಲನಕಾರನೂ ಅದಕ್ಕೆ ನೊಂದುಕೊಳ್ಳಲಾರ. ಆದರೆ ನೋಡುವುದೆಂದು ಕುಳಿತ ಮೇಲೆ ದಯಮಾಡಿ ಅದರ ವೇಗದಲ್ಲಿಯೇ ನೋಡಿ.